ಜಯಮ್ಮನಿಗೆ ನಾನು ಬರೆದ ವಯಸ್ಸು

ಹೋದ ವರ್ಷ ತಾಲ್ಲೂಕು ಆರೋಗ್ಯ ಕಚೇರಿಯವರು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಎರಡು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದರು. ಮೂವತ್ತನಾಲ್ಕು ವರ್ಷ ಆರೋಗ್ಯ ಸಹಾಯಕಿಯಾಗಿ ಹಳ್ಳಿ ಸುತ್ತಿದವಳು ಎರಡು ಮಾತಿಗೆ ನಿಲ್ಲುತ್ತಾಳೆಯೇ? ಮುಕ್ಕಾಲು ಗಂಟೆ ಕೊರೆದೆ. ದಾರಿಯಲ್ಲಿ ಆನೆ ಅಡ್ಡ ನಿಂತದ್ದು, ಎತ್ತಿನ ಗಾಡಿಯಲ್ಲಿ ಹೆರಿಗೆ ಮಾಡಿಸಿದ್ದು, ಪೋಲಿಯೊ ಹನಿ ಹಾಕಲು ಹೋದಾಗ ನಾಯಿ ಅಟ್ಟಿಸಿಕೊಂಡು ಬಂದು ನಾನು ಹುಲ್ಲಿನ ಮೆದೆ ಹತ್ತಿ ಕುಳಿತದ್ದು ಎಲ್ಲವನ್ನೂ ಹೇಳಿದೆ. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಕನ್ನಡಕದ ಹುಡುಗಿಯೊಬ್ಬಳು ಎದ್ದು, “ಮೇಡಂ, ನಿಮ್ಮ ಸರ್ವೀಸಲ್ಲಿ ನಿಮ್ಮಿಂದ ಯಾರಿಗಾದ್ರೂ ಅನ್ಯಾಯ ಆಗಿದ್ಯಾ?” ಎಂದು ಕೇಳಿದಳು. ನಾನು ಗೋಡೆ ಗಡಿಯಾರ ನೋಡಿ, “ಕಾಫಿ ಆರಿಹೋಗ್ತದೆ, ಏಳಿ ಏಳಿ” ಎಂದೆ.

ಮನೆಗೆ ಬಂದರೂ ಆ ಹುಡುಗಿ ನನ್ನನ್ನು ಬಿಡಲಿಲ್ಲ. ಆಗಿದೆ ಮಗಳೇ, ಆಗಿದೆ. ಅವಳ ಹೆಸರು ಜಯಮ್ಮ. ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯವಳು. ಅವಳಿಗೆ ಇನ್ನೊಂದು ಮಗು ಬೇಕಾಗಿತ್ತು, ಅದು ಆಗದಂತೆ ಮಾಡಿದವಳು ನಾನು. ಇದನ್ನು ಬರೆಯುತ್ತಿರುವುದು ನಿನಗಾಗಿ. ನನ್ನ ಬಡ್ತಿ, ವರ್ಗಾವಣೆ, ನನಗೆ ಹೊದಿಸಿದ ಶಾಲು ಇವುಗಳ ಕತೆ ನಿನಗೆ ಯಾಕೆ? ಆ ಶಾಲನ್ನು ಮಡಿಸಿ ಹಾಸಿಕೊಂಡು ಈಗ ಸೀರೆಗಳಿಗೆ ಇಸ್ತ್ರಿ ಹಾಕುತ್ತೇನೆ.

ನನ್ನ ಹುಟ್ಟೂರು ಮಿರ್ಲೆ. ನಾಲೆ, ಗದ್ದೆ, ಕಬ್ಬು ನೋಡಿ ಬೆಳೆದವಳಿಗೆ ಮೊದಲ ಕೆಲಸ ಸಿಕ್ಕಿದ್ದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಾಕನಕೋಟೆ ಕಾಡಿನ ಅಂಚಿನ ಒಂದು ಉಪಕೇಂದ್ರದಲ್ಲಿ. ಬಸ್ಸಿಳಿದು ಐದು ಮೈಲಿ ನಡೆಯಬೇಕು. ಹೆಗಲಲ್ಲಿ ಲಸಿಕೆಯ ಡಬ್ಬ, ಕೈಚೀಲದಲ್ಲಿ ಗಾಜಿನ ಸಿರಿಂಜುಗಳು, ಅವನ್ನು ಕುದಿಸಲು ಸೀಮೆಎಣ್ಣೆಯ ಸ್ಟೌವ್. ನಡೆದು ನಡೆದು ಮೊದಲ ತಿಂಗಳೇ ಎರಡು ಜೊತೆ ಚಪ್ಪಲಿ ಹರಿದವು. ಎಲ್ಲಕ್ಕಿಂತ ಭಾರದ್ದೆಂದರೆ ಕುಟುಂಬ ಯೋಜನೆಯ ಅರ್ಹ ದಂಪತಿಗಳ ರಿಜಿಸ್ಟರು. ಊರಿನಲ್ಲಿ ಯಾರಿಗೆ ಮದುವೆಯಾಗಿದೆ, ಎಷ್ಟು ಮಕ್ಕಳು, ಹೆಂಡತಿಯ ವಯಸ್ಸೆಷ್ಟು ಎಲ್ಲವೂ ಅದರಲ್ಲಿ ಇರಬೇಕು. ಆಗ ಯಾರಿಗೂ ತಮ್ಮ ವಯಸ್ಸು ಗೊತ್ತಿರುತ್ತಿರಲಿಲ್ಲ, ಆದರೆ ವಯಸ್ಸಿನ ಖಾನೆಯನ್ನು ಖಾಲಿ ಬಿಡುವಂತಿರಲಿಲ್ಲ.

ಗಿರಿಜನರ ಹಾಡಿಯೊಂದರಲ್ಲಿ ಒಬ್ಬ ಮುದುಕಿಯನ್ನು, “ಅಜ್ಜಿ, ನಿನ್ನ ಸೊಸೆಗೆ ಎಷ್ಟು ವರ್ಷ?” ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅದ್ಯಾಕವ್ವ ಅಷ್ಟು ತಲೆ ಕೆಡ್ಸ್ಕತೀಯೆ? ನಿಂಗೆ ಎಷ್ಟು ಬೇಕೋ ಅಷ್ಟು ಬರ್ಕೋ” ಎಂದಳು. ನಾನು ಬರೆದುಕೊಂಡೆ. ತಿಂಗಳ ಕೊನೆಗೆ ನಮ್ಮ ಮೇಲ್ವಿಚಾರಕಿ ಸುಶೀಲಮ್ಮನವರು ರಿಜಿಸ್ಟರು ತಿರುವಿದರು. ಬಿಳಿ ಸೀರೆಗೆ ಒಂದು ಸುಕ್ಕೂ ಬೀಳದಂತೆ ಕಾಡು ಸುತ್ತುತ್ತಿದ್ದ ಹೆಂಗಸು. ಒಂದು ಪುಟದಲ್ಲಿ ಬೆರಳಿಟ್ಟು, “ಇಲ್ಲಿ ತಾಯಿಗೆ ಇಪ್ಪತ್ನಾಲ್ಕು, ಮಗಳಿಗೆ ಹದಿನಾರು ಬರ್ದಿದ್ದೀಯ. ಎಂಟು ವರ್ಷಕ್ಕೆ ಹೆತ್ತಳೇನೇ ಪುಣ್ಯಾತ್ಗಿತ್ತಿ?” ಎಂದರು.

ಅವರೇ ನನಗೆ ಲೆಕ್ಕ ಹಾಕುವ ವಿದ್ಯೆ ಕಲಿಸಿದ್ದು. ವಯಸ್ಸು ಕೇಳಬೇಡ, ಕತೆ ಕೇಳು ಎನ್ನುತ್ತಿದ್ದರು. ಕಬಿನಿ ಡ್ಯಾಮಿಗೆ ನೀರು ತುಂಬಿದಾಗ ನೀನು ನಡೆಯುತ್ತಿದ್ದೆಯಾ, ಇಲ್ಲ ನಿನ್ನನ್ನು ಸೊಂಟದಲ್ಲಿ ಎತ್ತಿಕೊಂಡಿದ್ದರಾ? ಊರಿಗೆ ಕರೆಂಟು ಬಂದಾಗ ದೊಡ್ಡವಳಾಗಿದ್ದೆಯಾ? ಗಂಡನ ಮನೆಯಲ್ಲಿ ಎಷ್ಟು ದೀಪಾವಳಿ ಮಾಡಿದೆ? ಹೀಗೆ ಕೇಳುತ್ತಾ ಹೋದರೆ ಒಂದು ವರ್ಷ ಹೆಚ್ಚು ಕಡಿಮೆಗೆ ವಯಸ್ಸು ಕೈಗೆ ಸಿಗುತ್ತಿತ್ತು. ನಾಲ್ಕೈದು ವರ್ಷಗಳಲ್ಲಿ ನಾನು ಎಷ್ಟು ಪಳಗಿದೆನೆಂದರೆ, ಬಾಗಿಲಲ್ಲಿ ನಿಂತ ಹೆಂಗಸನ್ನು ನೋಡಿಯೇ ಇಷ್ಟು ಎನ್ನುತ್ತಿದ್ದೆ. ಜಂಬವೂ ಬಂತು. ಹಳ್ಳಿಯವರು ರೇಷನ್ ಕಾರ್ಡಿಗೆ, ಮಕ್ಕಳ ಶಾಲೆಗೆ, ವೃದ್ಧಾಪ್ಯ ವೇತನಕ್ಕೆ ಎಲ್ಲದಕ್ಕೂ ನನ್ನನ್ನೇ ವಯಸ್ಸು ಕೇಳುತ್ತಿದ್ದರು. ಈಗ ನಿಮ್ಮ ಕೈಯಲ್ಲಿ ಟ್ಯಾಬು ಇದೆ, ನಂಬರು ಒತ್ತಿದರೆ ಹುಟ್ಟಿದ ತಾರೀಕೇ ಬರುತ್ತದೆ. ಅದರಲ್ಲಿ ಅರ್ಧಕ್ಕರ್ಧ ಜನ ಜನವರಿ ಒಂದಕ್ಕೆ ಹುಟ್ಟಿರುವುದನ್ನು ಗಮನಿಸಿ. ಅದು ನನ್ನಂಥವರು ಬರೆದದ್ದರ ಮುಂದುವರಿಕೆ, ಅಷ್ಟೇ.

ಎಚ್.ಡಿ. ಕೋಟೆಯಿಂದ ನನ್ನನ್ನು ಹುಣಸೂರು ತಾಲ್ಲೂಕಿಗೆ ಹಾಕಿದರು. ಹೊಗೆಸೊಪ್ಪಿನ ಸೀಮೆ. ಊರ ತುಂಬ ಎತ್ತರದ ಬ್ಯಾರನ್ನುಗಳು, ಒಳಗೆ ಎಲೆ ಬೇಯಿಸುವ ಕಾಲದಲ್ಲಿ ಬೀದಿಗೆಲ್ಲ ಅದೇ ಘಾಟು. ಉಪಕೇಂದ್ರವೆಂದರೆ ಒಂದು ಕೋಣೆ, ಮುಂದೆ ಒಂದು ಜಗಲಿ. ನಾನು ಅಲ್ಲೇ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದೆ. ನನ್ನ ಗಂಡ ಕೆ.ಆರ್. ನಗರದ ಕಡೆ ಮೇಷ್ಟರು, ವಾರಕ್ಕೊಮ್ಮೆ ಬರುತ್ತಿದ್ದರು. ನಮ್ಮ ಮಗ ಆಗ ಚಿಕ್ಕವನು.

ಜಯಮ್ಮನ ಪರಿಚಯವಾದದ್ದು ಅವಳ ಎರಡನೆಯ ಹೆರಿಗೆಯಲ್ಲಿ. ಮೊದಲನೆಯದು ಗಂಡು, ಅಭಿ. ಎರಡನೆಯದು ಹೆಣ್ಣು, ಸೌಮ್ಯ. ನೋವಿನ ನಡುವೆಯೂ ಬಾಯಿ ಮುಚ್ಚದ ಹೆಣ್ಣು ಅವಳು. “ಅಕ್ಕ, ಸ್ವಲ್ಪ ತಡೀರಿ, ಒಲೆ ಮ್ಯಾಲೆ ಹಾಲು ಅದೆ, ಯಾರಾದ್ರೂ ಇಳಿಸ್ರಿ” ಎಂದು ಕೂಗುತ್ತಾ ಹೆತ್ತವಳು. ಎಲ್ಲರೂ ನನ್ನನ್ನು ನರ್ಸಮ್ಮ ಎಂದರೆ ಅವಳೊಬ್ಬಳು ಮೊದಲ ದಿನದಿಂದ ಅಕ್ಕ ಎಂದಳು. ತನ್ನ ವಯಸ್ಸು ಸರಿಯಾಗಿ ಗೊತ್ತಿದ್ದ ಕೆಲವೇ ಹೆಂಗಸರಲ್ಲಿ ಅವಳೂ ಒಬ್ಬಳು. ಅವಳ ತವರೂರಿನ ಶಾಲೆ ಕಟ್ಟಿದ ವರ್ಷವೇ ಅವಳು ಹುಟ್ಟಿದ್ದು, ಆ ಇಸವಿಯನ್ನು ಶಾಲೆಯ ಬಾಗಿಲ ಮೇಲೆ ಕೆತ್ತಿದ್ದರು. ಹದಿನೈದಕ್ಕೆ ಮದುವೆ, ಹದಿನಾರಕ್ಕೆ ತಾಯಿ. ನನ್ನ ರಿಜಿಸ್ಟರಿನಲ್ಲಿ ನಾನು ಲೆಕ್ಕ ಹಾಕದೆ ಬರೆದ ವಯಸ್ಸು ಅವಳದು, ಇಪ್ಪತ್ತು.

ಆಗ ಟಾರ್ಗೆಟ್ ಇತ್ತು. ಒಬ್ಬೊಬ್ಬ ಆರೋಗ್ಯ ಸಹಾಯಕಿ ವರ್ಷಕ್ಕೆ ಇಂತಿಷ್ಟು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕು. ನಾವು ಅದನ್ನು ಆಪರೇಷನ್ ಕೇಸು ಎನ್ನುತ್ತಿದ್ದೆವು. ಗಂಡಸರ ಆಪರೇಷನ್ ಎಂದು ಬಾಯಿ ಬಿಟ್ಟರೆ ಸಾಕು, ಜಗಲಿಯ ಮೇಲಿದ್ದವರೆಲ್ಲ ಟವೆಲ್ ಕೊಡವಿಕೊಂಡು ಎದ್ದು ಹೋಗುತ್ತಿದ್ದರು. “ನಮ್ಗೆ ಮಾಡ್ಬುಟ್ರೆ ಉಳೋರು ಯಾರು ನರ್ಸಮ್ಮಾ?” ಎನ್ನುತ್ತಿದ್ದರು, ನೇಗಿಲನ್ನು ಅದಕ್ಕೇ ಕಟ್ಟುವವರ ಹಾಗೆ. ಹಾಗಾಗಿ ಎಲ್ಲವೂ ಹೆಂಗಸರ ಮೇಲೆ. ಹೆಂಗಸೆಂದರೂ ಹುಡುಗಿಯ ಹತ್ತಿರ ಮಾತಾಡಿ ಉಪಯೋಗವಿಲ್ಲ, ಅತ್ತೆಯನ್ನು ಒಪ್ಪಿಸಬೇಕು. ಅತ್ತೆ ಎಲೆ ಅಡಿಕೆ ಹಾಕುವ ಹೊತ್ತು ನೋಡಿ ಹೋಗಿ, ಅವಳ ಮಂಡಿ ನೋವಿಗೆ ಮಾತ್ರೆ ಕೊಟ್ಟು, ಆಮೇಲೆ ಮಾತು ತೆಗೆಯಬೇಕು. ಇದು ನಮಗೆ ತರಬೇತಿಯಲ್ಲಿ ಕಲಿಸಿದ್ದಲ್ಲ.

ಆ ವರ್ಷ ಮಾರ್ಚ್ ತಿಂಗಳ ಸಭೆಯಲ್ಲಿ ನನಗೆ ಒಂದು ಕೇಸು ಕಡಿಮೆ ಇತ್ತು. ಆಗಿನ ನಮ್ಮ ಡಾಕ್ಟರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಕಡಿಮೆ ಇರುವವರ ಹೆಸರು ಓದುವುದು, ಅವರು ಎದ್ದು ನಿಲ್ಲುವುದು, ಸಭೆ ಮುಗಿಯುವ ತನಕ ಕೂರುವಂತಿಲ್ಲ. ಇಪ್ಪತ್ತು ಜನರ ನಡುವೆ ನಾನೊಬ್ಬಳೇ ಎರಡು ಗಂಟೆ ನಿಂತೆ. ಕಾಲು ನೋಯಲಿಲ್ಲ, ಮುಖ ಉರಿಯಿತು. ಬಸ್ಸಿನಲ್ಲಿ ವಾಪಸು ಬರುವಾಗಲೇ ನನ್ನ ತಲೆಯಲ್ಲಿ ಜಯಮ್ಮನ ಹೆಸರು ಬಂದಿತ್ತು. ಇಬ್ಬರು ಮಕ್ಕಳು, ಒಂದು ಗಂಡು. ಅಡ್ಡಿ ಒಂದೇ, ಆಪರೇಷನ್‌ಗೆ ಹೆಂಗಸಿಗೆ ಇಪ್ಪತ್ತೆರಡು ತುಂಬಿರಬೇಕು.

ಅವಳ ಅತ್ತೆ ಕೆಂಪಮ್ಮ ಎರಡೇ ಮಾತಿಗೆ ಒಪ್ಪಿದಳು. “ಗಂಡೊಂದು ಹೆಣ್ಣೊಂದು ಅದೆ, ಸಾಕು. ಹೊಗೆಸೊಪ್ಪಿನ ಸಸಿ ನೆಡೋ ಹೊತ್ಗೆ ಎದ್ದು ಓಡಾಡ್ತಾಳಲ್ವಾ?” ಎಂದು ಮಾತ್ರ ಕೇಳಿದಳು. ಗಂಡ ನಿಂಗರಾಜು, “ಅವ್ವ ಏಳ್ದಂಗೆ” ಎಂದು ಎತ್ತಿಗೆ ನೀರು ತೋರಿಸಲು ಹೋದ. ಜಯಮ್ಮ ಮಾತ್ರ ನನ್ನನ್ನು ಬೀದಿ ನಲ್ಲಿಯ ತನಕ ಕಳುಹಿಸಲು ಬಂದವಳು, ಬಿಂದಿಗೆ ಕೆಳಗಿಟ್ಟು ಕೇಳಿದಳು:

“ಅಕ್ಕ, ಆಮ್ಯಾಕೆ ಮಗ ಬೇಕು ಅನ್ನುಸ್ದ್ರೆ ಏನ್ ಮಾಡಾದು?”

“ಬೇಕಂದ್ರೆ ಬಿಚ್ತಾರೆ ಬಿಡು” ಎಂದೆ.

ಈ ಮಾತನ್ನು ನಾನೊಬ್ಬಳೇ ಹೇಳಿದ್ದಲ್ಲ, ನಮ್ಮವರೆಲ್ಲ ಹೇಳುತ್ತಿದ್ದರು. ಹೆದರುವವರಿಗೆ ಧೈರ್ಯ ಬರಲಿ ಎಂದು ಬಾಯಿಗೆ ಬಂದದ್ದನ್ನು ಹೇಳುವುದು. ಮತ್ತೆ ಜೋಡಿಸುವ ಆಪರೇಷನ್ ಇದೆ ಎಂಬುದು ನಿಜ, ಅದು ಎಷ್ಟು ದೂರದ ಮಾತು ಎಂಬುದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಅವಳ ಮುಖ ಕೂಡಲೇ ಗೆಲುವಾಯಿತು, ಬಿಂದಿಗೆ ಎತ್ತಿ ನಡೆದಳು.

ಆಪರೇಷನ್ ಕ್ಯಾಂಪಿನ ದಿನ ನಾನೇ ಅವಳನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ, “ವಯಸ್ಸು ಕೇಳಿದ್ರೆ ಇಪ್ಪತ್ತೆರಡು ಅನ್ನು” ಎಂದು ಹೇಳಿಕೊಟ್ಟೆ. ಅರ್ಜಿಯಲ್ಲಿ ನಾನೇ ಬರೆದೆ. ಅಲ್ಲಿ ಡಾಕ್ಟರು ಕೇಳಿದಾಗ ಅವಳು ನನ್ನ ಮುಖ ನೋಡಿ, “ಇಪ್ಪತ್ತೆರಡು” ಎಂದು ನಕ್ಕಳು, ತುಂಟಾಟದಲ್ಲಿ ಪಾಲು ಸಿಕ್ಕಿದವಳ ಹಾಗೆ. ಮುಂದಿನ ಸಭೆಯಲ್ಲಿ ನನ್ನ ಹೆಸರು ಓದಲಿಲ್ಲ. ನಾನು ಆರಾಮಾಗಿ ಕುರ್ಚಿಯಲ್ಲಿ ಕುಳಿತು, ನಿಂತಿದ್ದವರನ್ನು ನೋಡಿದೆ.

ಎರಡು ವರ್ಷ ಕಳೆಯಿತು. ಆಷಾಢದಲ್ಲಿ ಒಂದು ಮಧ್ಯಾಹ್ನ, ಊರವರೆಲ್ಲ ಎಲೆ ಮುರಿಯಲು ಹೊಲಕ್ಕೆ ಹೋಗಿದ್ದಾಗ, ಅಭಿ ಹಳೆಯ ಟೈರು ಉರುಳಿಸಿಕೊಂಡು ಕೆರೆಯ ಏರಿಯ ಮೇಲೆ ಹೋಗಿದ್ದಾನೆ. ಟೈರು ನೀರಿಗೆ ಬಿದ್ದಿದೆ, ಅದರ ಹಿಂದೆ ಅವನೂ ಇಳಿದಿದ್ದಾನೆ. ಆರು ವರ್ಷದ ಮಗು. ನನ್ನನ್ನು ಓಡಿ ಬಂದು ಕರೆದರು. ನಾನು ಹೋಗುವ ಹೊತ್ತಿಗೆ ಅವನ ಮೈ ತಣ್ಣಗಾಗಿ ಬಹಳ ಹೊತ್ತಾಗಿತ್ತು. ಆದರೂ ಸುಮ್ಮನೆ ಎದೆ ಒತ್ತುತ್ತಲೇ ಇದ್ದೆ, ಯಾಕೆಂದರೆ ಜಯಮ್ಮ ನನ್ನ ಎದುರಿಗೆ ಕುಳಿತು ನನ್ನ ಕೈಗಳನ್ನೇ ನೋಡುತ್ತಿದ್ದಳು. ಅವಳಿಗೆ ಆಗ ಇಪ್ಪತ್ತೆರಡು ವರ್ಷ. ನಾನು ಬರೆದ ವಯಸ್ಸು ಅವಳಿಗೆ ಬಂದಿತ್ತು.

ಎರಡು ತಿಂಗಳಾದ ಮೇಲೆ, ಲಸಿಕೆಯ ದಿನ, ಎಲ್ಲರೂ ಹೋದ ನಂತರ ಅವಳು ಉಪಕೇಂದ್ರಕ್ಕೆ ಬಂದಳು. ಜಗಲಿಯ ಮೇಲೆ ಕುಳಿತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, “ಅಕ್ಕ, ಈಗ ಬೇಕು ಕಣಕ್ಕ. ಬಿಚ್ಚುಸ್ಬುಡಿ” ಎಂದಳು.

ಅವಳು ಕೇಳಿದ ರೀತಿಯಲ್ಲಿ ಅನುಮಾನವೇ ಇರಲಿಲ್ಲ. ಬೇಲಿಯ ಕಟ್ಟು ಬಿಚ್ಚಿ ದನ ಒಳಗೆ ಬಿಡಿ ಎನ್ನುವಷ್ಟು ಸಲೀಸಾಗಿ ಕೇಳಿದಳು. ಎರಡು ವರ್ಷ ಅವಳು ನನ್ನ ಮಾತನ್ನು ನಂಬಿಕೊಂಡೇ ಇದ್ದಳು. ಮೈಸೂರಿಗೆ ಹೋಗಬೇಕು, ದೊಡ್ಡ ಆಪರೇಷನ್, ಆದರೂ ಆಗುತ್ತದೆ ಎಂದು ಹೇಳುವ ಹಾಗಿಲ್ಲ ಎಂದು ಹೇಗೋ ತೊದಲಿದೆ. ಅವಳು ಕೇಳಿದ್ದು ಮೈಸೂರು ಎಂಬ ಒಂದೇ ಮಾತು. “ಯಾವತ್ತು ಓಗಾನ?” ಎಂದಳು.

ಮೈಸೂರಿನ ಆಸ್ಪತ್ರೆಯ ಡಾಕ್ಟರಮ್ಮ ಕಾಗದವನ್ನೂ ಅವಳ ಮುಖವನ್ನೂ ನೋಡಿ ಕೆಂಡವಾದರು. “ಇಷ್ಟು ಚಿಕ್ಕ ಹುಡುಗಿಗೆ ಯಾರ್ರೀ ಆಪರೇಷನ್ ಮಾಡ್ಸಿದ್ದು? ಬುದ್ಧಿ ಬೇಡ್ವಾ?” ಎಂದು ನನ್ನ ಕಡೆಗೇ ತಿರುಗಿದರು. ಜಯಮ್ಮನೇ ಮುಂದೆ ಬಂದು, “ಇವ್ರದೇನೂ ಇಲ್ಲ ಕಣಮ್ಮ, ನಾನೇ ಮಾಡುಸ್ಕಂಡಿದ್ದು” ಎಂದಳು. ಅವತ್ತು ಹೌದು ಎನ್ನಬೇಕಿತ್ತು, ನಾನೇ ಎನ್ನಬೇಕಿತ್ತು. ಎನ್ನಲಿಲ್ಲ.

ದಸರೆ ಕಳೆದ ಮೇಲೆ ಆಪರೇಷನ್ ಆಯಿತು. ಜೋಡಿಸಿದ್ದೇವೆ, ಇನ್ನು ಒಂದು ವರ್ಷ ನೋಡಿ, ಆದರೆ ಆಯಿತು ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರಮ್ಮ. ಮನೆಯಲ್ಲಿ ಕೆಂಪಮ್ಮನೂ ಒಂದು ಗಡುವು ಇಟ್ಟಳು. ಪಿರಿಯಾಪಟ್ಟಣದ ಕಡೆಗೆ ಕೊಟ್ಟಿದ್ದ ಅವಳ ಹಿರಿಯ ಮಗಳಿಗೆ ಮದುವೆ ವಯಸ್ಸಿನ ಹುಡುಗಿಯಿದ್ದಳು. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. “ಬರೋ ಗೌರಿ ಹಬ್ಬದ ತಂಕ ನೋಡ್ತೀನಿ ನರ್ಸಮ್ಮ. ಆಗ್ನಿಲ್ಲ ಅಂದ್ರೆ ನಮ್ ನಿಂಗರಾಜುಗೆ ಆ ಮಗೀನೇ ತತ್ತೀನಿ. ವಂಶಕ್ಕೊಂದು ಗಂಡು ಬ್ಯಾಡ್ವಾ?” ಎಂದು ನನ್ನ ಮುಖಕ್ಕೇ ಹೇಳಿದಳು. ಜಯಮ್ಮ ಒಲೆಯ ಮುಂದೆ ಕುಳಿತು ಬೆಂಕಿ ಊದುತ್ತಿದ್ದಳು.

ಅಂದಿನಿಂದ ನಾವಿಬ್ಬರೂ ಕಾಯಲು ಶುರುಮಾಡಿದೆವು. ಆಗ ಮೂತ್ರ ಪರೀಕ್ಷೆಯ ಕಡ್ಡಿ ಉಪಕೇಂದ್ರಕ್ಕೆ ಬಂದಿರಲಿಲ್ಲ, ದಿನ ಎಣಿಸುವುದೊಂದೇ ದಾರಿ. ತಿಂಗಳಿಗೊಮ್ಮೆ ಲಸಿಕೆಯ ದಿನ ಅವಳು ಬರುತ್ತಿದ್ದಳು. ಹುಣಸೆ ಮರದ ತಿರುವಿನಲ್ಲಿ ಕಾಣಿಸಿಕೊಂಡ ಕೂಡಲೇ, ಅಷ್ಟು ದೂರದಿಂದಲೇ, ಇಲ್ಲ ಎಂದು ತಲೆಯಾಡಿಸುತ್ತಿದ್ದಳು. ನಾನು ಕೈಯಲ್ಲಿ ಯಾರದೋ ಮಗುವಿನ ತೊಡೆ ಹಿಡಿದುಕೊಂಡು ಅದನ್ನು ನೋಡುತ್ತಿದ್ದೆ. ಆಮೇಲೆ ಅವಳು ಬಂದು ಜಗಲಿಯ ಮೇಲೆ ಕೂರುತ್ತಿದ್ದಳು, ಇಬ್ಬರೂ ಬೇರೆ ಏನೇನೋ ಮಾತಾಡುತ್ತಿದ್ದೆವು. ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚುವಾಗ ನನ್ನ ಮಗನ ಹೆಸರಿಗಿಂತ ಮೊದಲು ಅವಳ ಹೆಸರು ಬಾಯಿಗೆ ಬರುತ್ತಿತ್ತು. ನನ್ನ ಇಡೀ ಜೀವನದಲ್ಲಿ ಇನ್ನೊಬ್ಬರ ಹೊಟ್ಟೆಗಾಗಿ ಅಷ್ಟು ಆಸೆಪಟ್ಟದ್ದಿಲ್ಲ.

ಒಂದು ತಿಂಗಳು ಅವಳು ತಲೆಯಾಡಿಸಲಿಲ್ಲ. ಹತ್ತಿರ ಬಂದು, ಬೆರಳು ಮಡಿಸಿ, “ಒಂಬತ್ತು ದಿನ ಓಯ್ತು ಕಣಕ್ಕ” ಎಂದು ಪಿಸುಗುಟ್ಟಿದಳು. ಇಬ್ಬರೂ ನಗಲಿಲ್ಲ, ಎಲ್ಲಿ ದೃಷ್ಟಿ ತಾಗುತ್ತದೋ ಎಂಬ ಹೆದರಿಕೆ. ಭಾರ ಎತ್ತಬೇಡ, ಬಸ್ಸು ಹತ್ತಬೇಡ ಎಂದೆ. ಅವಳು ನಾಳೆಯೇ ಹೆರುವವಳ ಹಾಗೆ ಹುಷಾರಾಗಿ ಹೆಜ್ಜೆಯಿಟ್ಟುಕೊಂಡು ಹೋದಳು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಮನೆ ಮುಂದೆ ನೀರು ಹಾಕುತ್ತಿದ್ದಾಗ ಬೀದಿಯ ಕೊನೆಯಲ್ಲಿ ನಿಂತಿದ್ದಳು. ತಲೆಯಾಡಿಸಿದಳು. ಹತ್ತಿರ ಬರದೆ ಹಾಗೆಯೇ ತಿರುಗಿ ಹೋದಳು.

ಆಮೇಲೆ ಆದದ್ದನ್ನು ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ. ನಾನು ಬಸುರಿಯಾದೆ. ಬೇಡಿದ್ದಲ್ಲ, ಕಾದಿದ್ದಲ್ಲ, ಎರಡನೆಯದು ಸುಮ್ಮನೆ ನಿಂತಿತು. ಮನೆಯವರು ಸಂತೋಷಪಟ್ಟರು, ನಾನು ಅತ್ತುಬಿಟ್ಟೆ. ಸೆರಗನ್ನು ಅಗಲವಾಗಿ ಹೊದ್ದು, ಮೇಲೆ ಬಿಳಿ ಕೋಟು ಹಾಕಿ, ನಾಲ್ಕು ತಿಂಗಳು, ಐದು ತಿಂಗಳು ಮುಚ್ಚಿಟ್ಟೆ. ಜಯಮ್ಮ ಬಂದಾಗ ಮೇಜಿನ ಹಿಂದಿನಿಂದ ಏಳುತ್ತಿರಲಿಲ್ಲ. ಮಕ್ಕಳನ್ನು ತೂಗುವಾಗ ಅವಳು ಕಂಡರೆ ತಿರುಗಿ ನಿಲ್ಲುತ್ತಿದ್ದೆ. ಅವಳ ಕಣ್ಣಿನ ಮುಂದೆ ಈ ಹೊಟ್ಟೆ ಹೊತ್ತು ತಿರುಗುವುದು ನನ್ನಿಂದ ಆಗದು ಎನ್ನಿಸಿತು. ಶ್ರಾವಣದಲ್ಲಿ, ಗೌರಿ ಹಬ್ಬಕ್ಕೆ ಇನ್ನೂ ಮೂರು ವಾರವಿರುವಾಗ, ಕೇಳಿ ಮಾಡಿಸಿಕೊಂಡ ವರ್ಗಾವಣೆಯ ಆದೇಶ ಬಂತು. ಪಿರಿಯಾಪಟ್ಟಣದ ಕಡೆಗೆ. ಮಂಗಳವಾರ ಸಾಮಾನು ಕಟ್ಟಿದೆ, ಬುಧವಾರ ಬೆಳಿಗ್ಗೆಯ ಬಸ್ಸಿಗೆ ಹೊರಟೆ. ಗುರುವಾರ ಲಸಿಕೆಯ ದಿನ. ಜಯಮ್ಮನಿಗೆ ಹೇಳಲಿಲ್ಲ. ಹೇಳಲು ಒಂದು ದಿನವಿತ್ತು, ಅವಳ ಮನೆಗೆ ನಡೆದರೆ ಐದು ನಿಮಿಷ.

ಪಿರಿಯಾಪಟ್ಟಣದಲ್ಲಿ ನಾನು ವಯಸ್ಸಿನ ವಿಷಯದಲ್ಲಿ ಹಟಮಾರಿಯಾದೆ. ಟಾರ್ಗೆಟ್ಟಿನ ಗಲಾಟೆ ಆ ಹೊತ್ತಿಗೆ ಕಾಗದದ ಮೇಲೆ ಹೋಗಿತ್ತು, ಮೇಲಿನವರ ಬಾಯಿಂದ ಹೋಗಿರಲಿಲ್ಲ. ಹತ್ತೊಂಬತ್ತು, ಇಪ್ಪತ್ತರ ಹುಡುಗಿಯರನ್ನು ಅತ್ತೆಯರು ಕರೆತಂದರೆ ಮನೆಗೆ ವಾಪಸು ಕಳುಹಿಸುತ್ತಿದ್ದೆ. “ನೀವೇನು ಜ್ಯೋತಿಷಿಯೇನ್ರೀ, ಮುಖ ನೋಡಿ ಜಾತಕ ಹೇಳೋಕೆ? ಅವರೇ ಇಪ್ಪತ್ತೆರಡು ಅಂತಿದ್ದಾರಲ್ಲ” ಎಂದು ಅಲ್ಲಿನ ಮೇಲ್ವಿಚಾರಕಿ ಒಮ್ಮೆ ಎಲ್ಲರೆದುರು ರೇಗಿದರು. ನಾನು ರಿಜಿಸ್ಟರು ಅವರ ಮುಂದಿಟ್ಟು, “ಹಾಗಾದ್ರೆ ನೀವೇ ಬರೀರಿ ಮೇಡಂ” ಎಂದೆ. ಅವರು ಬರೆಯಲಿಲ್ಲ. ಬೇಕಂದರೆ ಬಿಚ್ಚುತ್ತಾರೆ ಎಂಬ ಮಾತನ್ನು ನನ್ನ ಎದುರು ಯಾರೇ ಆಡಿದರೂ ಜಗಳಕ್ಕೆ ಹೋಗುತ್ತಿದ್ದೆ. ನನ್ನ ಬೆನ್ನ ಹಿಂದೆ ನನಗೆ ಸಿಡುಕಮ್ಮ ಎಂದು ಹೆಸರಿಟ್ಟಿದ್ದರು. ಇದೆಲ್ಲ ಒಳ್ಳೆಯ ಕೆಲಸವೇ ಇರಬಹುದು. ಆದರೆ ಯಾರಿಗೆ ಮಾಡಬೇಕಿತ್ತೋ ಅವಳಿಗೆ ಮಾಡಿದ್ದಲ್ಲ.

ಆ ವರ್ಷವೇ, ಹೊಗೆಸೊಪ್ಪು ಮಾರಲು ಬಂದಿದ್ದ ಹುಣಸೂರು ಕಡೆಯ ಹಳೆಯ ಪರಿಚಯದವರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, “ನಮ್ ನಿಂಗರಾಜು ಅಕ್ಕನ ಮಗಳನ್ನ ತಂದ್ಕಂಡ ಕಣಮ್ಮ” ಎಂದರು. ಜಯಮ್ಮ ಹೇಗಿದ್ದಾಳೆ ಎಂದು ಕೇಳುವ ಮೊದಲೇ ಅವರ ಬಸ್ಸು ಬಂತು. ನನ್ನ ಬಸ್ಸೂ ಬಂದಿದೆ ಎಂದು ನಾನೂ ಹೊರಟೆ. ಬಂದಿರಲಿಲ್ಲ.

ಕೊನೆಯ ಹತ್ತು ವರ್ಷ ಕೆ.ಆರ್. ನಗರದಲ್ಲಿ ಕೆಲಸ ಮಾಡಿ ಅಲ್ಲೇ ನಿವೃತ್ತಳಾದೆ. ಹುಣಸೂರಿನ ಮೇಲೆ ಎಷ್ಟು ಸಲ ಹಾದು ಹೋಗಿದ್ದೇನೋ ಲೆ‍ಕ್ಕವಿಲ್ಲ. ಪ್ರತಿ ಸಲವೂ ಆ ಊರಿನ ಕಡೆಗೆ ಹೋಗುವ ಬಸ್ಸನ್ನು ನೋಡುತ್ತಿದ್ದೆ. ಅವಳನ್ನು ನೋಡಬೇಕು ಎಂಬ ಆಸೆ ಹಸಿವಿನ ಹಾಗೆ ಬರುತ್ತಿತ್ತು. ಏನೆಂದು ಮುಖ ತೋರಿಸಲಿ ಎಂದು ಕಿಟಕಿಯ ಪಕ್ಕ ಹಾಗೆಯೇ ಕುಳಿತಿರುತ್ತಿದ್ದೆ.

ಕನ್ನಡಕದ ಹುಡುಗಿ ಕೇಳಿದ ವಾರವೇ ಹೋದೆ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ, ಕಂಡಕ್ಟರ್ ಸೊನ್ನೆಯ ಟಿಕೆಟ್ ಹರಿದು ಕೊಟ್ಟ. ಊರು ಗುರುತು ಸಿಗದಷ್ಟು ಬದಲಾಗಿರಲಿಲ್ಲ. ಬ್ಯಾರನ್ನಿನ ಮುಂದೆ, ತಗಡಿನ ಚಪ್ಪರದ ಕೆಳಗೆ, ಹಸಿ ಎಲೆಯ ರಾಶಿಯ ನಡುವೆ ಒಬ್ಬ ಹೆಂಗಸು ಉದ್ದನೆಯ ಕಡ್ಡಿಗೆ ಎಲೆ ಕಟ್ಟುತ್ತಾ ಕುಳಿತಿದ್ದಳು. ತಲೆ ಅರ್ಧ ನರೆತಿತ್ತು. ನಾನು ಗೇಟಿನ ಹತ್ತಿರ ನಿಂತೆ. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಅಕ್ಕ!” ಎಂದಳು. ಇಪ್ಪತ್ತಾರು ವರ್ಷದ ನಂತರ.

ಚಾಪೆ ಹಾಕಿ ಕೂರಿಸಿದಳು. ನೀರು ಕೊಟ್ಟಳು, ಕಾಫಿ ಕೊಟ್ಟಳು, ಅಂಟಿನ ಕೈಯನ್ನು ಮಣ್ಣಿಗೆ ಉಜ್ಜಿಕೊಂಡು ನನ್ನ ಕೈ ಹಿಡಿದಳು. ಕೆಂಪಮ್ಮ ತೀರಿಹೋಗಿದ್ದಳು. ಸೌಮ್ಯಳನ್ನು ಹುಣಸೂರಿಗೇ ಕೊಟ್ಟಿದ್ದಾರೆ. ನಿಂಗರಾಜುವಿನ ಎರಡನೆಯ ಹೆಂಡತಿಗೆ ಇಬ್ಬರು ಗಂಡು ಮಕ್ಕಳು. “ನನ್ನ ದೊಡ್ಡವ್ವ ಅಂತವೆ. ನಾನೇ ಸಾಕಿದ್ದು ಕಣಕ್ಕ, ಆ ಮಗಿಗೆ ಏನೂ ಗೊತ್ತಾಯ್ತಿರ್ನಿಲ್ಲ” ಎಂದಳು. ಆ ಮಗು ಎಂದದ್ದು ಸವತಿಯನ್ನು.

ಬಸ್ಸಿನಲ್ಲಿ ಇಡೀ ದಾರಿ ಕಲಿತುಕೊಂಡು ಬಂದದ್ದನ್ನು ಒಪ್ಪಿಸಿದೆ. “ಜಯಾ, ಅವತ್ತು ನಾನು ನಿನ್ನ ವಯಸ್ಸು ಸುಳ್ಳು ಬರೆದೆ. ನನ್ನ ಕೇಸು ಭರ್ತಿಯಾಗಲಿ ಅಂತ ಬರೆದೆ.”

“ನಾನೂ ಏಳಿದ್ನಲ್ಲ ಡಾಕ್ಟ್ರ ತಾವ. ಬುಡಿ” ಎಂದಳು.

“ಬೇಕಂದ್ರೆ ಬಿಚ್ತಾರೆ ಅಂತಲೂ ಅಂದೆ.”

ಅವಳು ಕಡ್ಡಿಯ ಕೊನೆಯ ಗಂಟು ಬಿಗಿದು ಪಕ್ಕಕ್ಕಿಟ್ಟಳು. “ಅದೊಂದ ಏಳ್ಬಾರ್ದಾಗಿತ್ತು ಅಕ್ಕ” ಎಂದಳು. “ಅದ ನಂಬ್ಕಂಡು ಬಾಳ ದಿನ ಕೂತಿದ್ದೆ.” ನನಗೆ ಬೇಕಾಗಿದ್ದು ಅದೇ ಇರಬೇಕು. ಬುಡಿ ಎಂದಾಗ ಆಗದಿದ್ದ ಸಮಾಧಾನ ಈ ಮಾತಿಗೆ ಆಯಿತು. ಕಣ್ಣೀರು ಬಂತು, ತಡೆಯಲಿಲ್ಲ.

ಅವಳು ನನ್ನನ್ನು ಅಳಲು ಬಿಟ್ಟು, ಆಮೇಲೆ ಕೇಳಿದಳು: “ಅದಿರ್ಲಿ, ಆಗ ಒಟ್ಟೇಲಿತ್ತಲ್ಲ, ಅದು ಏನ್ ಮಗ ಆಯ್ತು?”

ನಾನು ತಲೆಯೆತ್ತಿದೆ. “ನಿಂಗೆ ಗೊತ್ತಿತ್ತಾ?”

“ಅದ್ನೇ ಕಾಯ್ತಾ ಕುಂತಿದ್ದೋಳ್ಗೆ ಇನ್ನೊಬ್ರ ಒಟ್ಟೆ ಕಾಣಾಕಿಲ್ವಾ? ಕೋಟು ಆಕ್ಕಂಡ್ರೆ ಆಯ್ತಾ? ನಿಮ್ಗೆ ಮೂರು ತಿಂಗ್ಳಾದಾಗ್ಲೇ ಗೊತ್ತು. ನೀವಾಗೇ ಏಳ್ಲಿ ಅಂತ ಸುಮ್ಕಿದ್ದೆ.”

“ಹೆಣ್ಣು” ಎಂದೆ. “ಈಗ ಮೈಸೂರಲ್ಲಿದ್ದಾಳೆ. ಮದ್ವೆ ಆಗಿದೆ.”

“ಒಳ್ಳೇದಾಯ್ತು ಬುಡಿ. ನಾನು ಎಣ್ಣೇ ಅನ್ಕಂಡಿದ್ದೆ.” ಅವಳು ಹೊಸ ಕಡ್ಡಿ ಎತ್ತಿಕೊಂಡು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. “ಅಕ್ಕ, ನಿಮ್ಗೆ ಬಯಕೆ ಮಾಡಿದ್ದೆ ಕಣಕ್ಕ. ತವರಿಂದ ಯಾರೂ ಬಂದಂಗೆ ಕಾಣ್ನಿಲ್ಲ, ಐದು ತುಂಬಿ ಆರಕ್ಕೆ ಬಿದ್ದದೆ, ಬಸ್ರೀಗೆ ಬಯಕೆ ಊಟ ಉಣ್ಣುಸ್ದೆ ಬುಡಬಾರ್ದು ಅಂತ. ಅತ್ತೆ ಒಲಕ್ಕೆ ಓಗಾಗಂಟ ಕಾದು ಮಾಡ್ದೆ. ಒಬ್ಬಟ್ಟು, ಪುಳಿಯೋಗರೆ, ಕಡುಬು, ಒಂದೀಟು ಮಾವಿನಕಾಯಿ ಉಪ್ಪಿನಕಾಯಿ. ಬುಟ್ಟೀಲಿ ಮಡಗಿ, ಮ್ಯಾಲೆ ಬಟ್ಟೆ ಮುಚ್ಚಿ, ಗುರ್ವಾರ ತಕ್ಕಂಡು ಬಂದೆ. ಬೀಗ ಆಕಿತ್ತು. ಸೂಜಿ ಚುಚ್ಚುಸ್ಕಳಾಕೆ ಬಂದಿದ್ದ ಎಂಗಸ್ರು, ನರ್ಸಮ್ಮ ನೆನ್ನೆನೇ ಊರು ಬುಟ್ರು ಅಂದ್ರು.”

ನಾನು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ.

“ಮನೆಗೆ ವಾಪಸ್ ತಕ್ಕಂಡೋಗಂಗಿಲ್ಲ, ಅತ್ತೆ ಕೇಳ್ತಾಳೆ. ಎಲ್ರೂ ಓದ್ಮ್ಯಾಲೆ ಅಲ್ಲೇ ಜಗಲಿ ಮ್ಯಾಲೆ ಕುಂತ್ಕಂಡು ಬುಟ್ಟಿ ಬಿಚ್ದೆ. ಒಬ್ಳೇ ತಿಂದೆ. ತಿಂತಾ ತಿಂತಾ ಒಂದು ಗಳಿಗೆ, ಯಾರೋ ನಂಗೇ ಬಯಕೆ ಉಣ್ಣುಸ್ತಾವ್ರೆ ಅನ್ನುಸ್ಬುಡ್ತು ಕಣಕ್ಕ. ಒಟ್ಟೆ ತುಂಬ ತಿಂದೆ, ಒಂದು ಅಗ್ಳೂ ಬುಡ್ನಿಲ್ಲ.”

ಅವಳು ಎಲೆಗೆ ಕೈ ಚಾಚಿದಳು. ನಾನು ಚಾಪೆಯಿಂದ ಇಳಿದು ರಾಶಿಯ ಪಕ್ಕ ಕುಳಿತು, ಎಲೆಗಳ ತೊಟ್ಟು ಜೋಡಿಸಿ ಅವಳ ಕೈಗೆ ಕೊಡುತ್ತಾ ಹೋದೆ. ಕೊನೆಯ ಬಸ್ಸು ಹಾರ್ನ್ ಮಾಡಿಕೊಂಡು ಹೋಯಿತು. ಇಬ್ಬರೂ ಏಳಲಿಲ್ಲ.